ಮನೆಮಂದಿಯೆಲ್ಲ ಕೂತು ನೋಡುವ ರಾಕ್ಷಸ

ಕುವೆಂಪುನಗರದ ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಬಂತೆಂದರೆ ಯಾರದಾದರೂ ತಾರಸಿ ಮೇಲೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ಒಂದು ಸಿನಿಮಾ ತೋರಿಸುವುದು ರೂಢಿ. ಈ ಸಲದ ಆಯ್ಕೆ ‘ಶ್ರೆಕ್ ಫಾರೆವರ್ ಆಫ್ಟರ್’. ಶ್ರೆಕ್ ಅನ್ನುವ ಆ ಹಸಿರು ರಾಕ್ಷಸನ ಹಾಲಿವುಡ್ ಕಾರ್ಟೂನ್ ಸರಣಿಯ ನಾಲ್ಕನೆಯ ಮತ್ತು ಕೊನೆಯ ಭಾಗ. ವಾಟ್ಸಾಪ್ ಗುಂಪಿಗೆ ಹೆಸರು ಬಿದ್ದ ಹತ್ತೇ ನಿಮಿಷಕ್ಕೆ ಎದುರುಮನೆ ಯಜಮಾನರು ಕೇಳಿದರು: “ಸಾರ್, ಇದು ಮನೆಮಂದಿಯೆಲ್ಲ ಕೂತು ನೋಡೋ ಹಾಗಿದೆಯಾ?” ಮೂರು ದಿನ ಗುಂಪಿನಲ್ಲಿ ನಲ್ಲಿ ನೀರಿನ ಮಾತೇ ಇಲ್ಲ.

ಕೊನೆಯದು ಅಂದೆನಲ್ಲ, ಅದನ್ನು ಅಷ್ಟು ನಂಬಬೇಡಿ. 2010ರಲ್ಲಿ ‘ಕೊನೆಯ ಅಧ್ಯಾಯ’ ಅಂತ ಡಂಗುರ ಹೊಡೆದೇ ಬಿಡುಗಡೆ ಮಾಡಿದರು. ಮರುವರ್ಷವೇ ಅದರಲ್ಲಿದ್ದ ಬೂಟು ಹಾಕಿದ ಬೆಕ್ಕು ಸ್ವಂತ ಸಿನಿಮಾದಲ್ಲಿ ಹೀರೋ ಆಯಿತು. 2022ರಲ್ಲಿ ಇನ್ನೊಂದು. ಈಗ ಐದನೆಯ ಶ್ರೆಕ್ ಬರುತ್ತದಂತೆ. ಮಂಡ್ಯ ಕಡೆಯವರಿಗೆ ಇದೇನು ಹೊಸದಲ್ಲ. “ಇದೇ ನನ್ನ ಕೊನೇ ಚುನಾವಣೆ” ಅಂತ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡವರು ಮುಂದಿನ ಸಲವೂ ಅದೇ ಟವೆಲ್ ಹಾಕಿಕೊಂಡು ಬರುವುದನ್ನು ನೋಡಿ ನೋಡಿ ಅಭ್ಯಾಸವಾಗಿದೆ. ಅಲ್ಲಿ ಬೆಕ್ಕು ಬಂತು, ಇಲ್ಲಿ ಮಗ ಬರುತ್ತಾನೆ. ಅಷ್ಟೇ ವ್ಯತ್ಯಾಸ.

ಮೊದಲ ತಕರಾರು, ರಾಕ್ಷಸನೇ ಹೀರೋ ಆಗಿರುವುದು. “ಮಕ್ಕಳ ಮನಸ್ಸಿನ ಮೇಲೆ ಏನು ಪರಿಣಾಮ?” ಇದನ್ನು ಕೇಳಿದವರು ಮಹಿಷನ ಹೆಸರಿನ ಊರಲ್ಲಿ ಹುಟ್ಟಿ ಬೆಳೆದವರು. ಚಾಮುಂಡಿ ಬೆಟ್ಟದಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತಿದ್ದಾನಲ್ಲ, ಅವನ ಕಾಲ ಬುಡದಲ್ಲಿ ಇವರ ಮೊಮ್ಮಗ ಹಲ್ಲು ಕಿರಿದು ನಿಂತ ಫೋಟೊ ಇವರದೇ ಸ್ಟೇಟಸ್‌ನಲ್ಲಿತ್ತು.

ಎರಡನೆಯದು, ಶ್ರೆಕ್ ಕೆಸರಲ್ಲಿ ಸ್ನಾನ ಮಾಡುತ್ತಾನೆ, ಹೂಸು ಬಿಡುತ್ತಾನೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಬಿಡುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಪಿಜಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅಂತ ಹೇಳಿ ನೋಡಿದೆ. ಅಪ್ಪ ಅಮ್ಮ ಸ್ವಲ್ಪ ನೋಡಿಕೊಳ್ಳಿ ಅಂತ ಅರ್ಥ. ಸರಸ್ವತಿಪುರಂನಲ್ಲಿ ಮಹಡಿ ಮನೆ ಬಾಡಿಗೆಗೆ ಕೊಟ್ಟಿರುವ ಒಬ್ಬರು, “ಪಿಜಿ ಹುಡುಗರ ಕತೆ ಮಕ್ಕಳಿಗೆ ಖಂಡಿತ ಬೇಡ” ಅಂದುಬಿಟ್ಟರು.

ಇನ್ನೊಬ್ಬ ಮೇಡಂ, ಹಳೇ ಕಾಲದ ಕಿನ್ನರ ಕತೆಗಳನ್ನು ಇವರು ಕೆಡಿಸಿದ್ದಾರೆ ಅಂತ ನೊಂದುಕೊಂಡರು. ಇದರ ಖಳ ರಂಪಲ್‌ಸ್ಟಿಲ್ಟ್‌ಸ್ಕಿನ್ ಗ್ರಿಮ್ ಸೋದರರ ಕತೆಯಿಂದ ಬಂದವನು. ಅಲ್ಲಿ ಅವನು ಹೆತ್ತವಳ ಚೊಚ್ಚಲ ಮಗುವನ್ನೇ ಕೇಳುತ್ತಾನೆ. ಕೊನೆಗೆ ಸಿಟ್ಟಿನಲ್ಲಿ ತನ್ನನ್ನು ತಾನೇ ಸೀಳಿಕೊಳ್ಳುತ್ತಾನೆ. ಎಷ್ಟು ಸಭ್ಯ ನೋಡಿ! ಅಷ್ಟು ದೂರ ಯಾಕೆ, ಪುಣ್ಯಕೋಟಿಯ ಕತೆಗೆ ಒಂದನೇ ಕ್ಲಾಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತವನು ನಾನು. ಆಗ ನಮ್ಮ ಮೇಷ್ಟ್ರನ್ನು ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ.

ಇಷ್ಟು ಕಾಳಜಿ ಇರುವ ಯಜಮಾನರ ಮನೆಯಲ್ಲಿ ಸಂಜೆ ಏಳಕ್ಕೆ ಧಾರಾವಾಹಿ ಶುರು. ಸೊಸೆ ಹಾಲಿಗೆ ಏನೋ ಬೆರೆಸುತ್ತಾಳೆ, ಅತ್ತೆಯ ಮುಖವನ್ನು ಮೂರು ಸಲ ತೋರಿಸುತ್ತಾರೆ, ಗುಡುಗು. ಮೊಮ್ಮಗ ತೊಡೆ ಮೇಲೆ ಕೂತು ಚಪಾತಿ ತಿನ್ನುತ್ತಿರುತ್ತಾನೆ. ಅದು ಕುಟುಂಬದ ಧಾರಾವಾಹಿ ಕಣ್ರೀ, ಕುಟುಂಬವನ್ನು ಮುಗಿಸುವುದೇ ಅದರ ಕತೆಯಾದರೂ.

ಕಳೆದ ದಸರಾ ರಜೆಯಲ್ಲಿ ಒಂದು ‘ಎ’ ಸರ್ಟಿಫಿಕೇಟ್ ಸಿನಿಮಾಕ್ಕೆ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಐದು ವರ್ಷದ ಹುಡುಗಿ. “ಅಪ್ಪಾ, ಆ ಅಂಕಲ್ ಕೈ ಎಲ್ಲಿ ಹೋಯ್ತು?” ಅಂತ ಕೇಳಿತು. “ಸುಮ್ನೆ ಪಾಪ್‌ಕಾರ್ನ್ ತಿನ್ನು” ಅಂದ ಅಪ್ಪ. ಬಾಗಿಲಲ್ಲಿ ಚೀಲ ತಡಕಿ ನನ್ನ ನೀರಿನ ಬಾಟಲಿ ಕಿತ್ತಿಟ್ಟುಕೊಂಡ ಮನುಷ್ಯ ಆ ಮಗುವಿನ ವಯಸ್ಸು ಕೇಳಿರಲಿಲ್ಲ. ನಾನೂ ತಿರುಗಿ ಏನೂ ಹೇಳಲಿಲ್ಲ. 2024ರ ಹೊಸ ನಿಯಮದಲ್ಲಿ, ಅಪ್ಪ ಅಮ್ಮ ನೋಡಿಕೊಂಡು ಮಕ್ಕಳಿಗೆ ತೋರಿಸಬೇಕಾದ ‘ಯುಎ’ ಅನ್ನು ವಯಸ್ಸಿನ ಪ್ರಕಾರ 7, 13, 16 ಅಂತ ಮೂರು ಮಾಡಿದ್ದಾರೆ. ಮೂವತ್ತು ಮಾಡಿ, ಕೇಳುವವರು ಯಾರು? ಹೂಸಿಗೆ ಮೂರು ದಿನ ಚರ್ಚೆ, ಕಡಿದ ಕೈಗೆ ಪಾಪ್‌ಕಾರ್ನ್. ಸಾಕಾಗಿ ಹೋಗಿದೆ.

ಇರಲಿ. ಕೊನೆಗೆ ಶನಿವಾರ ಸಿನಿಮಾ ತೋರಿಸಿದೆವು. ಮಕ್ಕಳಿಗೆ ಏನೂ ಆಗಲಿಲ್ಲ. ಬೆಕ್ಕು ದಪ್ಪಗಾಗಿರುವುದನ್ನು ನೋಡಿ ಬಿದ್ದು ಬಿದ್ದು ನಕ್ಕವು, ಚುರುಮುರಿ ತಿಂದವು. ಪರಿಣಾಮ ಆಗಿದ್ದು ಅಪ್ಪಂದಿರ ಮೇಲೆ. ಸಿನಿಮಾದಲ್ಲಿ ಶ್ರೆಕ್‌ನ ಮೂರು ಮಕ್ಕಳ ಮೊದಲ ಹುಟ್ಟುಹಬ್ಬ, ಗದ್ದಲ, ಒಮ್ಮೆ ಗರ್ಜಿಸು ಅಂತ ಎಲ್ಲರ ಕಾಟ. ತಲೆಕೆಟ್ಟ ಶ್ರೆಕ್, ಹಳೇ ಕಾಲದ ಒಂದು ದಿನ ಸಿಕ್ಕರೆ ಸಾಕು ಅಂತ ಸರಿಯಾಗಿ ಓದದೆ ಆ ಖಳನ ಕರಾರಿಗೆ ಸಹಿ ಹಾಕುತ್ತಾನೆ. ಬದಲಿಗೆ ಅವನು ಕಳೆದುಕೊಳ್ಳುವುದು ತಾನು ಹುಟ್ಟಿದ ದಿನವನ್ನೇ. ಹೆಂಡತಿಗೆ ಅವನ ಗುರುತೇ ಇರುವುದಿಲ್ಲ. ತಾರಸಿಯ ಹಿಂದಿನ ಸಾಲಿನಲ್ಲಿ ಗಂಡಸರು ಯಾರೂ ಉಸಿರೆತ್ತಲಿಲ್ಲ. ಸಾಲದ ಕಂತಿನ ಕಾಗದಕ್ಕೆ ಹಾಗೇ ಸಹಿ ಹಾಕಿ ಬಂದವರು ತಾನೆ ಎಲ್ಲರೂ!

ರಾತ್ರಿ ಹನ್ನೊಂದೂವರೆಗೆ ಗುಂಪಿನಲ್ಲಿ ಎದುರುಮನೆ ಯಜಮಾನರ ಮೆಸೇಜು: “ಸಾರ್, ಆ ಒಂದು ದಿನದ ಅಗ್ರಿಮೆಂಟು ನಿಜವಾಗ್ಲೂ ಎಲ್ಲಾದ್ರೂ ಸಿಗುತ್ತಾ?”

ಎರಡು ನಿಮಿಷದಲ್ಲಿ ಅಳಿಸಿದರು. ಅಷ್ಟರಲ್ಲಿ ಅವರ ಮನೆಯವರು ಓದಿಯಾಗಿತ್ತು.