ಸದ್ದು ನಿಂತದ್ದು ಎಲ್ಲಿ?

ಹೋದ ಶನಿವಾರ ರಾತ್ರಿ ನನ್ನ ಲ್ಯಾಪ್‌ಟಾಪ್ ಮೌನವ್ರತ ಹಿಡಿಯಿತು. ಮರುದಿನ ಮುಂಬಯಿಯ ಮುಲುಂಡ್‌ನಲ್ಲಿ ತಾಳಮದ್ದಳೆ, ರೆಕಾರ್ಡಿಂಗ್ ನನ್ನ ತಲೆಗೆ. "ಲಿನಕ್ಸ್ ಬೇಕಿತ್ತಲ್ಲ, ಅನುಭವಿಸಿ" ಅಂತ ಹೆಂಡತಿ ಮಲಗಿದಳು. ಗೂಗಲ್ ಮಾಡಿದರೆ ಒಬ್ಬ ಪಲ್ಸ್‌ಆಡಿಯೊ ಕಿತ್ತುಹಾಕಿ ಅಂದ, ಇನ್ನೊಬ್ಬ ಆಲ್ಸಾ ಮತ್ತೆ ಹಾಕಿ ಅಂದ. ಎರಡೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸದ್ದು ನೋಡಿಕೊಳ್ಳುವ ತಂತ್ರಾಂಶಗಳು. ಎಲ್ಲಾ ಮಾಡಿದೆ ಮಾರಾಯ್ರೇ. ರಾತ್ರಿ ಎರಡು ಗಂಟೆಗೆ ಗೊತ್ತಾಯಿತು: ಸದ್ದು ಸರಿಯಾಗಿಯೇ ಹೊರಡುತ್ತಿತ್ತು. ಎಚ್‌ಡಿಎಂಐ ತಂತಿ ಹಿಡಿದು ಟಿವಿಗೆ ಹೋಗುತ್ತಿತ್ತು. ಟಿವಿಯ ವಾಲ್ಯೂಮ್ ಸೊನ್ನೆ!

ನಮ್ಮ ಬಿಲ್ಡಿಂಗಿನಲ್ಲಿ ನೀರು ಬರದಿದ್ದರೆ ಯಾರಾದರೂ ನಲ್ಲಿ ಕೀಳುತ್ತಾರಾ? ಪಾಲಿಕೆ ನೀರು ಬಂತಾ, ಪಂಪ್ ಹಾಕಿದ್ದಾರಾ, ಮೇಲಿನ ಟಾಕಿ ತುಂಬಿತಾ, ನಮ್ಮ ಲೈನಿನ ವಾಲ್ವ್ ತೆರೆದಿದೆಯಾ ಅಂತ ಒಂದೊಂದಾಗಿ ಕೇಳುತ್ತೇವೆ. ಲಿನಕ್ಸ್ ಆಡಿಯೊಗೆ ಈ ವಿವೇಕ ಯಾಕೆ ಬರುವುದಿಲ್ಲವೋ.

ಎಲ್ಲಕ್ಕಿಂತ ಕೆಳಗೆ ಆಲ್ಸಾ. ಸೌಂಡ್ ಕಾರ್ಡನ್ನು ನಡೆಸುವ ಡ್ರೈವರ್‌ಗಳು ಇರುವುದು ಅಲ್ಲಿ, ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ. 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ ಅದೇ ಗತಿ, ಅದನ್ನು ತೆಗೆದರೆ ಉಳಿಯುವುದು ಏನೂ ಇಲ್ಲ. ಆದರೆ ಎಷ್ಟೋ ಕಾರ್ಡುಗಳು ಒಂದು ಸಲಕ್ಕೆ ಒಂದೇ ಪ್ರೋಗ್ರಾಮಿಗೆ ಬಾಯಿ ಕೊಡುತ್ತವೆ. ಹಾಡೂ ಬೇಕು, ಮೆಸೇಜಿನ ಟಿಂಗ್ ಕೂಡ ಬೇಕು ಅಂದರೆ ನಡುವೆ ಬೆರೆಸುವವನೊಬ್ಬ ಬೇಕು. ಆ ಕೆಲಸಕ್ಕೆ ಬಂದದ್ದು ಲೆನ್ನಾರ್ಟ್ ಪೊಟ್ಟರಿಂಗ್ ಅವರ ಪಲ್ಸ್‌ಆಡಿಯೊ. 2007ರಲ್ಲಿ ಫೆಡೋರಾ 8 ಎಂಬ ಲಿನಕ್ಸ್ ಆವೃತ್ತಿ ಅದನ್ನು ಎಲ್ಲರ ಮನೆಗೂ ನುಗ್ಗಿಸಿತು, ಎಲ್ಲರ ಬೈಗುಳವೂ ಅದಕ್ಕೇ ಬಿತ್ತು. ಪೂರ್ತಿ ನ್ಯಾಯವಲ್ಲ ಅನ್ನುತ್ತೇನೆ ನಾನು. ಎಷ್ಟು ಸದ್ದು ನುಡಿಸಿ ಮುಗಿಯಿತು ಅಂತ ಡ್ರೈವರ್‌ಗಳು ಅಲ್ಲಿಯವರೆಗೆ ಹೇಳುತ್ತಿದ್ದ ಸುಳ್ಳು ಲೆಕ್ಕಗಳೂ ಆಗ ಬಯಲಾದವು. ಸ್ಟುಡಿಯೊದವರು ಮಾತ್ರ ಪಾಲ್ ಡೇವಿಸ್ ಅವರ ಜಾಕ್ ಎಂಬ ತಂತ್ರಾಂಶ ಕಟ್ಟಿಕೊಂಡು ಬೇರೆ ಒಲೆ ಹೂಡಿದ್ದರು.

ಈಗ ಬೆರೆಸುವ ಕೆಲಸಕ್ಕೆ ಇರುವುದು ವಿಮ್ ಟೇಮನ್ಸ್ ಅವರ ಪೈಪ್‌ವೈರ್. ಅದು ಮೊದಲು ಹುಟ್ಟಿದ್ದು ವಿಡಿಯೊಗಾಗಿ. 2021ರ ಫೆಡೋರಾ 34ರಿಂದ ಆಡಿಯೊ ಕೂಡ ಅದರದೇ ಉಸ್ತುವಾರಿ. ಅದರ ಜಾಣತನ ಇರುವುದು ವೇಷದಲ್ಲಿ. ಬ್ರೌಸರ್ ಬಂದರೆ ಪಲ್ಸ್‌ಆಡಿಯೊ ಆಗುತ್ತದೆ, ಆರ್ಡೋರ್ (Ardour) ಎಂಬ ರೆಕಾರ್ಡಿಂಗ್ ಪ್ರೋಗ್ರಾಮ್ ಬಂದರೆ ಜಾಕ್ ಆಗುತ್ತದೆ, ಕಲಾವಿದ ಒಬ್ಬನೇ. ಹಾಗಾಗಿಯೇ 2009ರ ಸಲಹೆ ಓದಿ "ಪಲ್ಸ್ ಕಿತ್ತುಹಾಕು" ಅನ್ನುವುದು ಇಂದು ಅಪಾಯ. ಕೆಲವು ಸಿಸ್ಟಮ್‌ಗಳಲ್ಲಿ ಅದರ ಜೊತೆ ಡೆಸ್ಕ್‌ಟಾಪಿನ ಪ್ಯಾಕೇಜೂ ಹೊರಡುತ್ತದೆ.

ಪೈಪ್‌ವೈರ್ ಪಕ್ಕದಲ್ಲೇ ವೈರ್‌ಪ್ಲಂಬರ್ ಅಂತ ಒಬ್ಬ. ಹೆಸರಿಗೆ ತಕ್ಕಂತೆ ಯಾವ ಪೈಪ್ ಎಲ್ಲಿಗೆ ಜೋಡಿಸಬೇಕೆಂದು ತೀರ್ಮಾನಿಸುವವನು. ನನ್ನ ಸದ್ದನ್ನು ಟಿವಿಗೆ ಕಳಿಸಿದವನು ಅವನೇ. ಟರ್ಮಿನಲ್ಲಿನಲ್ಲಿ 'wpctl status' ಅಂತ ಹೊಡೆದಿದ್ದರೆ ಎಚ್‌ಡಿಎಂಐ ಪಕ್ಕದ ನಕ್ಷತ್ರ ಚಿಹ್ನೆ ಕಾಣುತ್ತಿತ್ತು, ಮೂರು ಗಂಟೆ ನಿದ್ದೆ ಉಳಿಯುತ್ತಿತ್ತು. ಅಲ್ಲೂ ಎಲ್ಲ ಸರಿಯಿದ್ದರೆ ಆಲ್ಸಾದ ವಾಲ್ಯೂಮ್ ಕಂಬಗಳನ್ನು ತೋರಿಸುವ ಆಲ್ಸಾಮಿಕ್ಸರ್ (alsamixer) ತೆರೆಯಿರಿ. ಕಂಬದ ಕೆಳಗೆ ಎರಡು 'ಎಂ' ಕಂಡರೆ ಮ್ಯೂಟ್ ಆಗಿದೆ ಅಂತ ಅರ್ಥ. ಕಾರ್ಡುಗಳ ಪಟ್ಟಿ ಕೊಡುವ 'aplay -l' ಆಜ್ಞೆ ಕೊಟ್ಟರೂ ಕಾರ್ಡೇ ಕಾಣಿಸದಿದ್ದರೆ ಆಗ ಡ್ರೈವರ್ ಕಡೆ ನೋಡಿ.

ಭಾನುವಾರ ಇನ್ನೊಂದು ಪಾಠ. ಲ್ಯಾಪ್‌ಟಾಪಿಗೆ ಹೋಗಿ ಬಂದ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಮದ್ದಳೆಯವರು "ನನ್ನ ಪೆಟ್ಟು ನನಗೇ ತಡವಾಗಿ ಕೇಳ್ತದಲ್ಲ" ಅಂದರು. ನೀರಿನ ಹಾಗೆ ಸದ್ದಿಗೂ ಒಂದು ಟಾಕಿ ಉಂಟು, ಇದು ಅದರ ವಿಷಯ. ಪೈಪ್‌ವೈರ್ ಸಾಮಾನ್ಯವಾಗಿ 1024 ಸ್ಯಾಂಪಲ್, ಅಂದರೆ ಸದ್ದಿನ ಚೂರು, ತುಂಬಿಸಿಕೊಂಡು ಮುಂದೆ ಬಿಡುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಅದು 21 ಮಿಲಿಸೆಕೆಂಡ್, ಅಂದರೆ ಮದ್ದಳೆ ಏಳು ಮೀಟರ್ ಆಚೆ ಕೂತಷ್ಟು ದೂರ. ಅದೂ ಒಂದು ಟಾಕಿಯ ಲೆಕ್ಕ ಮಾತ್ರ. ಹೋಗಿ ಬರುವಾಗ ಇನ್ನೂ ಹೆಚ್ಚು. 128ಕ್ಕೆ ಇಳಿಸಿದೆ, ಒಂದು ಗಜದಷ್ಟು ಹತ್ತಿರ ಬಂತು. ಆದರೆ ಟಾಕಿ ಸಣ್ಣದಾದರೆ ಪಂಪ್ ಒಂದು ಕ್ಷಣ ತಡವರಿಸಿದರೂ ನಲ್ಲಿ ಬತ್ತುತ್ತದೆ. ಅದೇ ಆಯಿತು, ಭಾಗವತರ ಪದ್ಯದ ನಡುವೆ ಕರಕರ. ಕೊನೆಗೆ 256ಕ್ಕೆ ನಿಲ್ಲಿಸಿದೆ. ಮದ್ದಳೆಯವರು ತಲೆಯಾಡಿಸಿದರು, ಒಪ್ಪಿದರೋ ಸಾಕಾಯಿತೋ ಗೊತ್ತಿಲ್ಲ.