ಆಳ ಮಾಡಿದರೆ ಜೌಗು ಉಳಿಯುವುದಿಲ್ಲ

‘ಜೌಗು ನೆಲವನ್ನು ಅಗೆದು ಆಳ ಮಾಡಿದರೆ ಪುನಶ್ಚೇತನ ಆದಂತೆ’ ಎಂದು, ಜೌಗು ಪುನಶ್ಚೇತನದ ಯೋಜನೆಯೊಂದನ್ನು ಹೊಗಳಿ ಬರೆದ ಲೇಖನದಲ್ಲಿ ಲೇಖಕರು ಹೇಳಿರುವ ಮಾತು ಒಪ್ಪುವಂಥದ್ದಲ್ಲ. ಅಗೆದರೆ ಸಿಗುವುದು ಹೊಂಡ, ಅಷ್ಟೇ. ಹೂಳು ತಡೆಯುವುದು ಮೊಣಕಾಲುದ್ದದ ನೀರಿನಲ್ಲಿ ಬೆಳೆದ ಜೊಂಡು. ಹೊಲಗಳ ಗೊಬ್ಬರದಿಂದ ಬಂದ ನೈಟ್ರೇಟನ್ನು ಅನಿಲವಾಗಿಸಿ ನೀರಿನಿಂದ ಕಳೆಯುವುದು ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾ. ಅಂಚನ್ನು ಕಡಿದಾಗಿ ಕೊರೆದರೆ ಜೊಂಡು ಬೇರೂರುವುದೆಲ್ಲಿ? ಮೊದಲು ಮುಚ್ಚಬೇಕಾದ್ದು ನೀರು ಬಸಿದು ಒಯ್ಯುವ ಕಾಲುವೆಯನ್ನು. ಫ್ಲಾರಿಡಾದ ಕಿಸಿಮಿ ನದಿಯನ್ನು 1962ರಿಂದ 1971ರವರೆಗೆ ಅಗೆದು ನೇರ ಕಾಲುವೆ ಮಾಡಿಟ್ಟಿದ್ದರು. ಆಮೇಲೆ ಅದರ ಒಂದು ಭಾಗಕ್ಕೆ ಮಣ್ಣು ತುಂಬಿ, ಹಳೆಯ ತಿರುವುಗಳಿಗೆ ನೀರು ಬಿಟ್ಟ ಮೇಲೆಯೇ ಜೌಗಿನ ಗಿಡಗಳೂ ನೀರುಹಕ್ಕಿಗಳೂ ಮರಳಿದ್ದು.

ದಂಡೆಯಲ್ಲಿ ಸಸಿ ನೆಡುವುದು ಬೇಡ ಅನ್ನುವುದಿಲ್ಲ (ಫೋಟೊಗೂ ಚೆನ್ನಾಗಿರುತ್ತದೆ). ಆದರೆ ಮೇಲಿನ ಇಳಿಜಾರಿನ ಕೊರಕಲುಗಳನ್ನು ಒಮ್ಮೆ ನೋಡಿ: ತಲೆಭಾಗ ಪ್ರತಿ ಜೋರು ಮಳೆಗೂ ಕುಸಿದು ಇನ್ನಷ್ಟು ಮೇಲಕ್ಕೆ ಸರಿಯುತ್ತದೆ, ಕುಸಿದ ಮಣ್ಣೆಲ್ಲ ನೇರ ಹೊಳೆಗೆ. ಆ ಕೊರಕಲುಗಳಿಗೆ ಅಡ್ಡ ಕಲ್ಲು ಕಟ್ಟದೆ, ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ ಲಾವಂಚದ ಸಾಲು ಕೂರಿಸದೆ, ಕೆಳಗೆ ಎಷ್ಟು ಖರ್ಚು ಮಾಡಿದರೂ ಜೌಗು ಮತ್ತೆ ಹೂಳಿನಿಂದ ತುಂಬುತ್ತದೆ. ಲೇಖನ ಹೊಗಳಿರುವ ಯೋಜನೆಯಲ್ಲಿ ಮೇಲಿನ ಇಳಿಜಾರಿಗೆಂದು ತೆಗೆದಿಟ್ಟ ಹಣ ಎಷ್ಟು? ಅದನ್ನೂ ಬರೆಯಬೇಕಿತ್ತು.