ಒಂದು ಲೇಬಲ್ ನೆಟ್ಟಗೆ ಅಂಟಬಾರದಾ?

ಉಪ್ಪಿನಕಾಯಿಗೆಂದು ಅಪ್ಪೆಮಿಡಿ, ಅಂದರೆ ಘಮಘಮಿಸುವ ಎಳೆ ಮಾವಿನಕಾಯಿ ತಂದು, ಉಪ್ಪಿನಲ್ಲಿ ಹಾಕಿ, ಚಿರುಟಿದ ಮೇಲೆ ಖಾರ ಅರೆದು ಕಲಸುವುದಕ್ಕೆ ವಾರಗಟ್ಟಲೆ ಬೇಕು. ಅದರಲ್ಲಿ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಆದರೆ ಆ ಗಾಜಿನ ಬಾಟಲಿಗೆ ಒಂದು ಲೇಬಲ್ ಅಂಟಿಸುವಷ್ಟರಲ್ಲಿ ಅಳು ಬರುತ್ತದೆ!

ಚಿಕ್ಕಮಗಳೂರಿನ ಮಳೆಗಾಲ ಗೊತ್ತಲ್ವಾ, ಜುಲೈನಲ್ಲಿ ಗೋಡೆ, ಬಟ್ಟೆ, ಪೇಪರ್ ಎಲ್ಲವೂ ಥಂಡಿ. ಬಾಟಲಿ ಒರೆಸಿಟ್ಟು ಲೇಬಲ್ಲಿನ ಹಿಂದಿನ ಹಾಳೆ ಬಿಡಿಸುವಷ್ಟರಲ್ಲಿ ಗಾಜಿನ ಮೇಲೆ ಮತ್ತೆ ಪಸೆ. ಕಣ್ಣಿಗೆ ಕಾಣುವುದಿಲ್ಲ, ಅಂಟಿಗೆ ಗೊತ್ತಾಗುತ್ತದೆ. ಎಡಗಡೆ ಒತ್ತಿದರೆ ಬಲಗಡೆ ಏಳುತ್ತದೆ, ನಡುವೆ ಕಡಲೆಕಾಳಿನಷ್ಟು ಗುಳ್ಳೆ, ಅದನ್ನು ಉಗುರಲ್ಲಿ ಸವರಿದರೆ ಸುಕ್ಕು, ತಯಾರಿಸಿದ ದಿನಾಂಕ ಆ ಸುಕ್ಕಿನೊಳಗೇ ಹೋಗಿರುತ್ತದೆ, ಕಿತ್ತು ಮತ್ತೆ ಅಂಟಿಸೋಣ ಎಂದರೆ ಪೇಪರ್ ಅರ್ಧ ಗಾಜಿನಲ್ಲೇ. ಎಣ್ಣೆ ಕೈ ತಾಗಿದ್ದರಂತೂ ಮುಗಿಯಿತು.

ಮೇಲೆ ಅಗಲ, ಕೆಳಗೆ ಕಿರಿದಾದ ಬಾಟಲಿ ಮಾತ್ರ ಯಾರೂ ತಗೋಬೇಡಿ. ಆಯತಾಕಾರದ ದೊಡ್ಡ ಲೇಬಲ್ ಅದರ ಮೇಲೆ ಸುಕ್ಕಿಲ್ಲದೆ ಕೂರುವುದೇ ಇಲ್ಲ, ಕಮಾನಿನ ಹಾಗೆ ಕತ್ತರಿಸಬೇಕು. ಅಂಗಡಿಯವರು ಇದನ್ನು ಮೊದಲೇ ಹೇಳಬಹುದಿತ್ತು, ಅಲ್ವಾ?

ಈಗ ಸೋಪು ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಲೆ ಪಕ್ಕ ಸ್ವಲ್ಪ ಬೆಚ್ಚಗಾಗಲು ಬಿಟ್ಟು, ಲೇಬಲ್ಲಿನ ನಡುಭಾಗವನ್ನು ಮೊದಲು ಒತ್ತಿ ಅಲ್ಲಿಂದ ಎರಡೂ ಕಡೆಗೆ ಬಟ್ಟೆಯಲ್ಲಿ ಸವರುತ್ತೇನೆ. ಹತ್ತರಲ್ಲಿ ಎಂಟು ಚೆನ್ನಾಗಿ ಕೂರುತ್ತವೆ. ಉಳಿದೆರಡನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳಗಿನ ಮಿಡಿ ಅಷ್ಟು ಚೆನ್ನಾಗಿದ್ದರೂ ತಗೊಳ್ಳುವವರು ಮೊದಲು ಬೆರಳಿಟ್ಟು ನೋಡುವುದು ಆ ಸುಕ್ಕನ್ನೇ.